ಕೋ-ಆಕ್ಸಿಯಲ್ ಗಡಿಯಾರವನ್ನು ನಾನು ನಂಬಿದ ಬಗೆ

ಬೆಂಗಳೂರಿನಲ್ಲಿ ಎಚ್‌ಎಂಟಿ ಜನತಾದಂಥ ಕೀ ಕೊಡುವ ವಾಚುಗಳನ್ನು ಬಿಚ್ಚಿ ಜೋಡಿಸುತ್ತ ರಿಪೇರಿ ಕಲಿತವನು ನಾನು. ಸ್ವಿಸ್ ಕಂಪನಿ ಒಮೆಗಾದ ಕೋ-ಆಕ್ಸಿಯಲ್ ಎಸ್ಕೇಪ್‌ಮೆಂಟ್ (ಸ್ಪ್ರಿಂಗಿನ ಬಲವನ್ನು ಟಿಕ್ ಟಿಕ್ ಎಂದು ಹಂತಹಂತವಾಗಿ ಬಿಡುವ ಭಾಗ) ಇರುವ ವಾಚು ಮೊದಲ ಸಲ ನನ್ನ ಮೇಜಿಗೆ ಬಂದಾಗ ಕುತೂಹಲಕ್ಕಿಂತ ಅನುಮಾನವೇ ಹೆಚ್ಚಿತ್ತು. ಸಾಮಾನ್ಯ ಲಿವರ್ ಎಸ್ಕೇಪ್‌ಮೆಂಟಿನಲ್ಲಿ ಚಕ್ರದ ಹಲ್ಲು ಪ್ಯಾಲೆಟ್ ಎಂಬ ತಡೆಗೋಲಿನ ಕಲ್ಲಿನ ಮೇಲೆ ಜಾರುತ್ತ ಬಲ ಕೊಡುತ್ತದೆ. ಅಲ್ಲಿನ ಎಣ್ಣೆ ವರ್ಷ ಕಳೆದಂತೆ ಕೆಟ್ಟರೆ ಸಮಯವೂ ಕೆಡುತ್ತದೆ. ಇಂಗ್ಲೆಂಡಿನ ಜಾರ್ಜ್ ಡೇನಿಯಲ್ಸ್ 1970ರ ದಶಕದಲ್ಲಿ ರೂಪಿಸಿದ ಈ ವ್ಯವಸ್ಥೆಯಲ್ಲಿ ಹಲ್ಲು ಕಲ್ಲನ್ನು ಹೆಚ್ಚು ಜಾರದೆ ತಳ್ಳುವುದರಿಂದ ಉಜ್ಜಾಟ ಬಹಳ ಕಡಿಮೆ.

ಆದರೆ ವಾಚಿನ ಸದ್ದು ಕೇಳಿ ಅಳೆಯುವ ನನ್ನ ಟೈಮಿಂಗ್ ಯಂತ್ರ ಆಂಪ್ಲಿಟ್ಯೂಡ್, ಎಂದರೆ ಒಳಗೆ ಅತ್ತಿತ್ತ ತೂಗುವ ಬ್ಯಾಲೆನ್ಸ್ ಚಕ್ರ ತಿರುಗುವ ಕೋನ, 342 ಡಿಗ್ರಿ ಎಂದು ತೋರಿಸಿತು. ಬ್ಯಾಲೆನ್ಸ್ ಚಕ್ರ ಅಷ್ಟು ತೂಗಿದರೆ ಒಳಗೆ ಬಡಿಯುವ ಸದ್ದು ಕೇಳಬೇಕು, ಕೇಳಲಿಲ್ಲ. ತಯಾರಿಕೆಯಲ್ಲೇ ದೋಷವಿರಬೇಕೆಂದು ಎರಡು ದಿನ ಹುಡುಕಿದೆ. ಕೊನೆಗೆ ತಿಳಿದದ್ದು, ತಪ್ಪು ನನ್ನದೇ: ಯಂತ್ರದ ಲಿಫ್ಟ್ ಆ್ಯಂಗಲ್ (ಬಲ ಪಡೆಯುವಾಗ ಬ್ಯಾಲೆನ್ಸ್ ಚಕ್ರ ತಿರುಗುವ ಕೋನ, ಆಂಪ್ಲಿಟ್ಯೂಡಿನ ಲೆಕ್ಕ ಇದರ ಮೇಲೆಯೇ) ರೂಢಿಯಂತೆ 52 ಡಿಗ್ರಿಗೆ ಇತ್ತು, ಈ ವಾಚಿಗೆ ಬೇಕಾದದ್ದು 38. ತಿದ್ದಿದ ಕೂಡಲೇ 250ಕ್ಕೆ ಬಂತು. ಹೊಸ ತಂತ್ರವನ್ನು ಹಳೆಯ ಅಳತೆಗೋಲಿನಲ್ಲಿ ಅಳೆದು ಅದರ ಹೆಸರು ಕೆಡಿಸುವುದು ಎಷ್ಟು ಸುಲಭವೆಂದು ಅಂದು ನನಗೆ ನಿಜಕ್ಕೂ ಭಯವಾಯಿತು.

ಗಿರಾಕಿಗಳು ಇಂಥ ವಾಚು ಕೊಳ್ಳಬಹುದೇ ಎಂದು ಕೇಳಿದಾಗ ನಾನು ಕಂಪನಿಯ ನಡತೆ ನೋಡಿ ಹೇಳುತ್ತೇನೆ. ಒಮೆಗಾ 1999ರಲ್ಲಿ ಇದನ್ನು ಮಾರುಕಟ್ಟೆಗೆ ತಂದಾಗ ಬಡಿತ ಗಂಟೆಗೆ 28,800 ಇತ್ತು; ಮುಂದೆ ಅದನ್ನು 25,200ಕ್ಕೆ ಇಳಿಸಿತು, 2007ರಲ್ಲಿ ಈ ಎಸ್ಕೇಪ್‌ಮೆಂಟಿಗಾಗಿಯೇ 8500 ಎಂಬ ಹೊಸ ವಾಚು-ಯಂತ್ರವನ್ನು ತಂದಿತು. ತನ್ನ ಮಾಲನ್ನು ತಾನೇ ತಿದ್ದುತ್ತ ಹೋದದ್ದು ನನ್ನ ಲೆಕ್ಕದಲ್ಲಿ ದೌರ್ಬಲ್ಯವಲ್ಲ. ಆದರೂ ಯಾವುದೇ ಹೊಸ ತಂತ್ರದ ಮೊದಲ ಬ್ಯಾಚಿನ ವಾಚನ್ನು ಕೊಳ್ಳದೆ, ಒಂದು ಸರ್ವಿಸ್ ಅವಧಿ ಮುಗಿಯುವವರೆಗೆ ಕಾಯಿರಿ ಎನ್ನುತ್ತೇನೆ. ಬಿಡಿಭಾಗದ ಮಾತೂ ಇದೆ. ಜನತಾಕ್ಕೆ ಹೆಸರು ಬಂದದ್ದು ಯಾವ ಊರಿನ ರಿಪೇರಿಯವನೂ ಅದನ್ನು ಸರಿಮಾಡಬಲ್ಲ ಎಂಬುದರಿಂದ. ಇಂಥ ಹೊಸ ವಾಚುಗಳಲ್ಲಿ ಬರುವ ಸಿಲಿಕಾನ್ ಹೇರ್‌ಸ್ಪ್ರಿಂಗ್ (ಬ್ಯಾಲೆನ್ಸ್ ಚಕ್ರವನ್ನು ತೂಗಿಸುವ ತೆಳು ಸುರುಳಿ) ಅಯಸ್ಕಾಂತಕ್ಕೆ ಜಗ್ಗುವುದಿಲ್ಲ, ನಿಜ; ಆದರೆ ಮುರಿದರೆ ಚಿಮಟದಿಂದ ತಿದ್ದಲಾಗದು, ಬದಲಿಸಲೇಬೇಕು, ಅದಕ್ಕೆ ಕಂಪನಿಯೇ ಗತಿ.

ಆ ಮೊದಲ ವಾಚು ಆರು ವರ್ಷಗಳ ನಂತರ ಮತ್ತೆ ಬಂತು. ತೆರೆಯುವ ಮುನ್ನ 38ಕ್ಕೆ ಇಟ್ಟು ನೋಡಿದೆ: ದಿನಕ್ಕೆ ನಾಲ್ಕು ಸೆಕೆಂಡು ಮುಂದೆ, ಆಂಪ್ಲಿಟ್ಯೂಡ್ 241, ಮೊದಲಿಗಿಂತ ಒಂಬತ್ತೇ ಡಿಗ್ರಿ ಕಡಿಮೆ.