ಮೆಜೆಸ್ಟಿಕ್‌ನಲ್ಲಿ ಕೂತು ರೇಕ್ ಲಿಂಕ್ ಬಿಡಿಸಿದ್ದು: ನನ್ನ ಅನುಭವ

"ಆಪ್ ಇದೆಯಲ್ಲೋ, ಪ್ಲಾಟ್‌ಫಾರ್ಮ್ ಮೇಲೆ ಕೂತು ನಂಬರ್ ಬರ್ಕೊಳ್ಳೋದು ಯಾಕೆ?" ಗೆಳೆಯನೊಬ್ಬ ಮೂರು ವರ್ಷ ಹೀಗೇ ರೇಗಿಸುತ್ತಿದ್ದ. ನನ್ನ ಹುಚ್ಚು ಅಂಥದ್ದು: ಬೆಂಗಳೂರಿನ ಮೆಜೆಸ್ಟಿಕ್ ರೈಲು ನಿಲ್ದಾಣದಲ್ಲಿ ಕೂತು, ಯಾವ ರೇಕ್ (ಒಟ್ಟಿಗೆ ಓಡುವ ಬೋಗಿಗಳ ಸಾಲು) ಒಂದು ಗಾಡಿಯಾಗಿ ಬಂದು ಮುಂದೆ ಯಾವ ಗಾಡಿಯಾಗಿ ಹೊರಡುತ್ತದೆ ಅನ್ನೋ ಲಿಂಕ್ ಪತ್ತೆ ಮಾಡೋದು. ಕಳೆದ ಮಳೆಗಾಲದಲ್ಲಿ ಅವನೇ ಉತ್ತರ ಕರ್ನಾಟಕದ ಕಡೆ ರಾತ್ರಿ ಗಾಡಿ ಹಿಡಿಯಬೇಕಿತ್ತು. ಮಧ್ಯಾಹ್ನ ಎರಡಕ್ಕೇ ಫೋನ್ ಮಾಡಿ, "ಆರಾಮಾಗಿ ಊಟ ಮಾಡ್ಕೊಂಡು ಬಾ, ಗಾಡಿ ಎರಡು ಗಂಟೆ ತಡ" ಅಂದೆ. ಆಪ್‌ನಲ್ಲಿ ಸರಿಯಾದ ಸಮಯ ಅಂತಲೇ ಇತ್ತು. ನಂಬದೆ ಬಂದು ಕಾದ. ಗಾಡಿ ಹೊರಟಿದ್ದು ಸುಮಾರು ಒಂದು ಮುಕ್ಕಾಲು ಗಂಟೆ ತಡವಾಗಿ. ಆ ರಾತ್ರಿ ಕಾಫಿ ದುಡ್ಡು ಅವನದ್ದೇ.

ಆ ಗಾಡಿಗೆ ಸಿಗಬೇಕಾದ ರೇಕ್ ಬೇರೊಂದು ಗಾಡಿ ನಂಬರಿನಲ್ಲಿ ಬೆಳಿಗ್ಗೆ ಬರಬೇಕಿತ್ತು. ಬಂದಿದ್ದು ಮಧ್ಯಾಹ್ನ. ತೊಳೆದು, ಪಿಟ್ ಲೈನಿನಲ್ಲಿ (ಬೋಗಿಯ ಅಡಿಭಾಗ ತಪಾಸಣೆ ಮಾಡುವ ಹಳಿ) ನೋಡಿ, ವಾಪಸ್ ತಂದು ನಿಲ್ಲಿಸೋಕೆ ಬೇಕಾದ ಹೊತ್ತು ಬೇಕೇ ಬೇಕು. ಇಷ್ಟೇ ಲೆಕ್ಕ. ಆದರೆ ಯಾವ ರೇಕ್ ಯಾವುದಕ್ಕೆ ಅಂತ ಗೊತ್ತಿರಬೇಕಲ್ವಾ?

ಶುರುವಿನಲ್ಲಿ ಎಲ್ಲರ ಹಾಗೆ ಲೋಕೋ, ಅಂದರೆ ಎಂಜಿನ್ ಹಿಂದೆ ಬಿದ್ದೆ. ಕೃಷ್ಣರಾಜಪುರಂ ಶೆಡ್‌ನದ್ದೋ, ಚೆನ್ನೈನ ರಾಯಪುರಂನದ್ದೋ, ಆಫ್‌ಲಿಂಕ್ (ಆ ಗಾಡಿಗೆ ಮಾಮೂಲಿಯಲ್ಲದ ಎಂಜಿನ್) ಬಂತೋ ಅಂತ ಎರಡು ನೋಟ್‌ಬುಕ್ ತುಂಬಿಸಿದೆ. ಈ ಕೆಲಸಕ್ಕೆ ಅದೆಲ್ಲ ದಂಡ. ಲೋಕೋ ಕಳಚಿಕೊಂಡು ತನ್ನ ದಾರಿ ಹಿಡಿಯುತ್ತದೆ, ರೇಕಿನ ಕಥೆಯೇ ಬೇರೆ. ಎಂಟು ತಿಂಗಳು ಹಾಳಾಯಿತು.

ಆಮೇಲೆ ಕಾಗದದ ಲೆಕ್ಕಕ್ಕೆ ಇಳಿದೆ. ಕರ್ನಾಟಕ ಎಕ್ಸ್‌ಪ್ರೆಸ್ ದೆಹಲಿಗೆ ಹೋಗೋಕೆ ಎರಡು ರಾತ್ರಿ, ಬರೋಕೆ ಎರಡು ರಾತ್ರಿ. ಹಾಗಾದರೆ ಸೋಮವಾರ ಹೋದದ್ದು ಶುಕ್ರವಾರ ಮತ್ತೆ ಹೊರಡಬೇಕು, ನಾಲ್ಕು ರೇಕ್ ಸಾಕು ಅಂತ ಬರೆದಿಟ್ಟೆ. ವೇಳಾಪಟ್ಟಿ ನೋಡಿ ಹೀಗೆ ಬರೆದ ಪಟ್ಟಿಗಳಲ್ಲಿ ಅರ್ಧಕ್ಕರ್ಧ ತಪ್ಪು. ನಡುವೆ ಎಷ್ಟು ಹೊತ್ತು ನಿಲ್ಲಿಸುತ್ತಾರೆ, ಯಾವ ಗಾಡಿ ಜೊತೆ ಹಂಚಿಕೊಳ್ಳುತ್ತಾರೆ ಅನ್ನೋದು ವೇಳಾಪಟ್ಟಿಯಲ್ಲಿ ಇರಲ್ಲ.

ಕೊನೆಗೆ ಕೈಹಿಡಿದದ್ದು ಕೋಚ್ ನಂಬರ್. ಮೊದಲ ಎರಡು ಅಂಕಿ ತಯಾರಾದ ವರ್ಷ ಅಂತ ನಿಮಗೆ ಗೊತ್ತೇ ಇದೆ. ನಾನು ಹೇಳೋದು ಕೋಚಿನ ತುದಿಗೋಡೆಯ ಬಗ್ಗೆ. ಅಲ್ಲಿ ಬೋಗಿ ಬೋಗಿ ಕೂಡುವ ಬಫರೋ ಕಪ್ಲರೋ ಇರುವ ಕಡೆ ಬಗ್ಗಿ ನೋಡಿದರೆ ಮಸಿ ಮೆತ್ತಿದ ಸಣ್ಣ ಅಕ್ಷರ: ಯಾವ ಡಿಪೋ, ಪಿಒಎಚ್ (ಕಾಲಕಾಲಕ್ಕೆ ಆಗುವ ದೊಡ್ಡ ರಿಪೇರಿ) ಎಲ್ಲಿ ಆಯಿತು, ಮತ್ತೆ ವರ್ಕ್‌ಶಾಪಿಗೆ ಯಾವಾಗ ಹೋಗಬೇಕು. ಆ ವಾಪಸಾತಿ ದಿನಾಂಕ ಹತ್ತಿರ ಬಂದ ಕೋಚನ್ನು ನಂಬಬೇಡಿ. ಇವತ್ತು ಇದ್ದದ್ದು ನಾಳೆ ಮೈಸೂರಿನ ಅಶೋಕಪುರಂ ವರ್ಕ್‌ಶಾಪಿನಲ್ಲೋ ಹುಬ್ಬಳ್ಳಿಯಲ್ಲೋ ಇರುತ್ತದೆ. ನಾನು ಬರೀ ಕೊನೆಯ ಪವರ್ ಕಾರ್ (ಗಾಡಿಗೆ ಕರೆಂಟ್ ಕೊಡುವ ಜನರೇಟರ್ ಬೋಗಿ) ನಂಬರ್ ಬರೆದುಕೊಂಡು ಒಂದೂವರೆ ತಿಂಗಳು ಮೋಸ ಹೋದೆ. ಅದನ್ನು ಬದಲಿಸಿದ ದಿನ ಹೊಸ ರೇಕೇ ಬಂತು ಅಂತ ಕುಣಿದಿದ್ದೆ! ಈಗ ಪ್ರತಿ ರೇಕಿಗೆ ಮೂರು ಕೋಚ್ ಗುರುತು ಇಟ್ಟುಕೊಳ್ಳುತ್ತೇನೆ. ಒಂದು ಸಿಕ್ ಆಗಿ, ಅಂದರೆ ಕೆಟ್ಟು ಹೊರಬಿದ್ದರೂ ಉಳಿದ ಎರಡು ಹೇಳುತ್ತವೆ. ಯಾವ ಮೂರು ಅಂತ ಮಾತ್ರ ಕೇಳಬೇಡಿ.

ರಾತ್ರಿ ನಂಬರ್ ಓದಬೇಡಿ. 3 ಮತ್ತು 8 ಒಂದೇ ಥರ ಕಾಣುತ್ತವೆ. ಬೆಳಿಗ್ಗೆ ತೊಳೆದು ಬಂದ ಕೋಚ್, ಒದ್ದೆ ಇದ್ದಾಗ, ಚೆನ್ನಾಗಿ ಕಾಣುತ್ತದೆ.

ದುಡ್ಡಿನ ವಿಷಯ. ಪ್ಲಾಟ್‌ಫಾರ್ಮ್ ಟಿಕೆಟ್ 10 ರೂಪಾಯಿ, ಎರಡು ಗಂಟೆ. ನನ್ನಂಥವನಿಗೆ ದಿನಕ್ಕೆ ಎರಡು ಬೇಕು. ತಿಂಗಳಿಗೆ ನಾನೂರರ ಹತ್ತಿರ ಹೋಗುತ್ತಿತ್ತು. ಆಮೇಲೆ ಬುದ್ಧಿ ಬಂತು. ಕೆಂಗೇರಿಯಿಂದ ಹೇಗೂ ಕೆಲಸಕ್ಕೆ ಬರುತ್ತೇನೆ, ಬಸ್ ಬಿಟ್ಟು ರೈಲಿನ ಮಂತ್ಲಿ ಪಾಸ್ ಮಾಡಿಸಿದೆ. ನೂರು ರೂಪಾಯಿ ಆಸುಪಾಸು. ಇಳಿದಾಗ ಒಂದಿಷ್ಟು ಹೊತ್ತು, ಹತ್ತುವ ಮುಂಚೆ ಒಂದಿಷ್ಟು ಹೊತ್ತು, ಪ್ಲಾಟ್‌ಫಾರ್ಮ್ ಟಿಕೆಟ್ಟೇ ಬೇಡ. ಬೈನಾಕ್ಯುಲರ್‌ಗೆ ಎರಡೂವರೆ ಸಾವಿರ ಸುರಿದದ್ದು ಮಾತ್ರ ಪೂರ್ತಿ ದಂಡ. ನಂಬರ್ ಓದೋಕೆ ಕಾಲೇ ಸಾಕು, ನಡೀಬೇಕು ಅಷ್ಟೆ.

ನಡುವೆ ಒಂದು ಹುಚ್ಚು ಪ್ರಯೋಗ. ಕೈಯಲ್ಲಿ ಬರೆಯೋ ಬದಲು ಅನೌನ್ಸ್‌ಮೆಂಟ್ ರೆಕಾರ್ಡ್ ಮಾಡಿ ಮನೆಯಲ್ಲಿ ಕೇಳೋಣ ಅಂದುಕೊಂಡೆ. "ಪ್ರಯಾಣಿಕರ ಗಮನಕ್ಕೆ" ಅಂತ ಶುರುವಾಗಿ ಮೂರು ಭಾಷೆ ಮುಗಿಯೋ ಹೊತ್ತಿಗೆ ಪಕ್ಕದ ಲೈನಿನಲ್ಲಿ ಹಾರ್ನ್, ಮೇಲೆ ಟ್ರಾಲಿ ಸದ್ದು. ನಾಲ್ಕು ದಿನಕ್ಕೆ ಬಿಟ್ಟೆ. ಇದರಲ್ಲಿ ಒಂದು ಲಾಭ ಆಯಿತು. ರೆಕಾರ್ಡಿಂಗ್ ಕೇಳುವಾಗ ಕೆಲವು ಎಲ್‌ಎಚ್‌ಬಿ (ಹೊಸ ಮಾದರಿ ಬೋಗಿಯ) ಗಾಡಿಗಳ ಪವರ್ ಕಾರ್ ಸದ್ದೇ ಇಲ್ಲ ಅಂತ ಗಮನಕ್ಕೆ ಬಂತು. ಲೋಕೋದಿಂದಲೇ ಕರೆಂಟ್ ಹೋಗುತ್ತಿದ್ದರೆ ಜನರೇಟರ್ ಓಡಿಸೋದು ಬೇಡವಲ್ಲ. ಈಗ ಕಣ್ಣು ಮುಚ್ಚಿಕೊಂಡೇ ಹೇಳಬಲ್ಲೆ. ಉಪಯೋಗ ಏನೂ ಇಲ್ಲ, ಸುಮ್ನೆ ಖುಷಿ.

ದೊಡ್ಡ ಪೆಟ್ಟು ಬಿದ್ದದ್ದು 2022ರ ಜೂನ್‌ನಲ್ಲಿ. ಬೈಯಪ್ಪನಹಳ್ಳಿಯ ವಿಶ್ವೇಶ್ವರಯ್ಯ ಟರ್ಮಿನಲ್ ಶುರುವಾಗಿ ಗಾಡಿಗಳು ಒಂದೊಂದಾಗಿ ಅಲ್ಲಿಗೆ ಹೋದವು. ನನ್ನ ಲಿಂಕ್ ಪಟ್ಟಿಯಲ್ಲಿ ತೂತು ಬಿದ್ದವು. ಅದೇ ವರ್ಷ ನವೆಂಬರ್‌ನಲ್ಲಿ ಮೈಸೂರು–ಚೆನ್ನೈ ವಂದೇ ಭಾರತ್ ಬಂತು. ಅದು ಸ್ವಲ್ಪ ಹೊತ್ತು ನಿಂತು ಹೋಗುವ ಗಾಡಿ, ನನಗೆ ಅದರಲ್ಲಿ ಮಜಾ ಇಲ್ಲ. ಇದರ ಜೊತೆಗೆ ಹಳೇ ಮಾದರಿಯ ನೀಲಿ ಐಸಿಎಫ್ ರೇಕ್‌ಗಳ ಜಾಗಕ್ಕೆ ಕೆಂಪು ಎಲ್‌ಎಚ್‌ಬಿ ಬರುತ್ತಿದ್ದವು. ಹಳೇ ಮಾದರಿ ತಯಾರಿ 2018ರಲ್ಲೇ ನಿಂತಿತ್ತಲ್ಲ. ಎಲ್‌ಎಚ್‌ಬಿ ಉದ್ದ ಜಾಸ್ತಿ, 24 ಕೋಚಿನ ಗಾಡಿ 22ಕ್ಕೆ ಇಳಿಯಿತು. ನಾನು ದಿನಾ ಕೂರುವ ಬೆಂಚಿನ ಎದುರು ನಿಲ್ಲುತ್ತಿದ್ದ ಕೋಚ್ ಇದ್ದಕ್ಕಿದ್ದಂತೆ ಬೇರೆಯಾಯಿತು. ನಾಲ್ಕು ದಿನ ತಪ್ಪು ನಂಬರ್ ಬರೆದಿದ್ದೇನೆ. ಮತ್ತೆ ಸೊನ್ನೆಯಿಂದ ಶುರು ಮಾಡಿ ಆರೇಳು ತಿಂಗಳಲ್ಲಿ ಮೂವತ್ತು ಚಿಲ್ಲರೆ ಗಾಡಿಗಳ ಲಿಂಕ್ ಕೂಡಿಸಿದೆ. ಈಗ ಹತ್ತರಲ್ಲಿ ಏಳೆಂಟು ಸಲ ಸರಿ ಬರುತ್ತದೆ.

ನೀವು ಶುರು ಮಾಡುವುದಾದರೆ ಚೆನ್ನೈಯಿಂದ ಬರುವ ಬೃಂದಾವನ್ ಎಕ್ಸ್‌ಪ್ರೆಸ್ ನೋಡಿ. ಮಧ್ಯಾಹ್ನ ಒಂದೂವರೆ ಸುಮಾರಿಗೆ ಬಂದು ಮೂರು ದಾಟಿದ ಮೇಲೆ ವಾಪಸ್ ಹೊರಡುತ್ತದೆ. ಬರೋದು ತಡವಾದರೆ ಹೊರಡೋದೂ ಅಲುಗಾಡುತ್ತದೋ, ನಡುವಿನ ಹೊತ್ತು ಅದನ್ನು ನುಂಗುತ್ತದೋ, ಎರಡು ವಾರ ಬರೆದುಕೊಂಡರೆ ನಿಮಗೇ ಕಾಣುತ್ತದೆ.

ನನಗೀಗ ಬೈಯಪ್ಪನಹಳ್ಳಿ ಮೇಲೆ ಕಣ್ಣು. ಏಳೇ ಪ್ಲಾಟ್‌ಫಾರ್ಮ್, ಮೆಜೆಸ್ಟಿಕ್‌ನ ಹತ್ತಕ್ಕಿಂತ ಸುಲಭ. ಆದರೆ ಕೆಂಗೇರಿ ಪಾಸ್ ಅಲ್ಲಿ ನಡೆಯಲ್ಲ, ಮತ್ತೆ ಹತ್ತು ಹತ್ತು ರೂಪಾಯಿ ಎಣಿಸುತ್ತಿದ್ದೇನೆ. ಹೊಸ ನೋಟ್‌ಬುಕ್‌ನಲ್ಲಿ ನಾಲ್ಕು ಪುಟ ಆಗಿದೆ. ಗೆಳೆಯ ಜೊತೆಗೆ ಬರುತ್ತಾನೆ, ಟಾರ್ಚ್ ಅವನ ಕೈಯಲ್ಲಿ.