ಆಯಿಲ್ ಟ್ರೇಗೆ ಬೀಳಲಿ, ನೆಲಕ್ಕಲ್ಲ

ಮನೆಯಲ್ಲೇ ಇಂಜಿನ್ ಆಯಿಲ್ ಬದಲಾಯಿಸುತ್ತೇವೆ ಅಂತ ಹೊರಡುವ ಹುಡುಗರನ್ನು ನೋಡಿದಾಗೆಲ್ಲ ಮೈ ಉರಿಯುತ್ತದೆ. ಸ್ಪ್ಯಾನರ್ ಹಿಡಿದು ಬಗ್ಗಿದ್ದೇ ತಡ, ಇಂಜಿನ್ ತಳದಲ್ಲಿ ಆಯಿಲ್ ಇಳಿಸುವ ಡ್ರೈನ್ ಬೋಲ್ಟ್ ಬಿಚ್ಚಿಯೇ ಬಿಡುತ್ತಾರೆ. ಆಮೇಲೆ "ಟ್ರೇ ಎಲ್ಲಿ, ಬಟ್ಟೆ ಎಲ್ಲಿ" ಅಂತ ಕೂಗಾಟ. ಅಷ್ಟರಲ್ಲಿ ಆಯಿಲ್ ನೆಲದ ತುಂಬ ಹರಡಿರುತ್ತದೆ, ಬೋಲ್ಟ್ ಕರೀ ಆಯಿಲಿನೊಳಗೆ ಮುಳುಗಿರುತ್ತದೆ. ಬೇಕಾದ ಸಾಮಾನೆಲ್ಲ ಕೈಗೆಟುಕುವಷ್ಟು ಹತ್ತಿರ ಇಟ್ಟುಕೊಳ್ಳದೆ ಸ್ಪ್ಯಾನರ್ ಮುಟ್ಟಲೇಬೇಡಿ.

ಗಾಡಿ ಸಮತಟ್ಟಾದ ಜಾಗದಲ್ಲಿ ನಿಲ್ಲಬೇಕು, ಬೈಕಾದರೆ ನೆಟ್ಟಗೆ ಮಧ್ಯದ ಸ್ಟ್ಯಾಂಡಿನ ಮೇಲೆ. ಕಾರನ್ನು ಬರೀ ಜಾಕಿನ ಮೇಲೆ ಎತ್ತಿ ಅಡಿಗೆ ನುಸುಳುವವರಿಗೆ ಸಲಹೆಯಲ್ಲ, ಬೈಗುಳವೇ ಬೇಕು. ಜಾಕ್ ಜಾರಿದರೆ ಪ್ರಾಣಕ್ಕೇ ಸಂಚಕಾರ. ಚಕ್ರಕ್ಕೆ ಅಡ್ಡ ಕೊಟ್ಟು, ಗಟ್ಟಿ ಜಾಕ್ ಸ್ಟ್ಯಾಂಡಿನ ಮೇಲೆ ಕೂರಿಸಿ, ಅಲ್ಲಾಡಿಸಿ ನೋಡಿ, ಆಮೇಲೆ ಒಳಗೆ ಹೋಗಿ. ಇಂಜಿನ್ ಬೆಚ್ಚಗಿರಬೇಕು, ಸುಡಬಾರದು. ತಣ್ಣಗಿದ್ದರೆ ಆಯಿಲ್ ಮಂದವಾಗಿ ಎಷ್ಟು ಹೊತ್ತಾದರೂ ಇಳಿಯದು, ಕೊಳೆಯೂ ತಳದಲ್ಲೇ ಉಳಿಯುತ್ತದೆ. ದೂರ ಓಡಿಸಿ ಬಂದ ಕೂಡಲೇ ಬಿಚ್ಚಿದರೆ ಕೈ ಸುಡುತ್ತದೆ, ಸುಟ್ಟ ಕೈ ಹಿಡಿದಿದ್ದನ್ನೆಲ್ಲ ಬಿಟ್ಟುಬಿಡುತ್ತದೆ. ಕೆಲವು ನಿಮಿಷ ಇಂಜಿನ್ ಓಡಿಸಿ, ಆರಿಸಿ, ಸ್ವಲ್ಪ ಕಾದರೆ ಹದ ಸಿಗುತ್ತದೆ.

ಮೇಲೆ ಆಯಿಲ್ ಹಾಕುವ ಮುಚ್ಚಳವನ್ನು ಮೊದಲೇ ಒಮ್ಮೆ ತಿರುಗಿಸಿ, ಅದು ಬಿಚ್ಚುತ್ತದೆ ಅಂತ ಖಚಿತ ಮಾಡಿಕೊಂಡು ಮತ್ತೆ ಮುಚ್ಚಿ. ಅದು ಮುಚ್ಚಿದ್ದರೆ ಒಳಗೆ ಗಾಳಿ ಸಲೀಸಾಗಿ ಹೋಗದು, ಸಾಮಾನ್ಯವಾಗಿ ಮೊದಲ ರಭಸ ಕೊಂಚ ತಗ್ಗುತ್ತದೆ. ಧಾರೆ ಒಂದು ಹದಕ್ಕೆ ಬಂದ ಮೇಲೆ ತೆಗೆಯಿರಿ.

ಸಾಮಾನ್ಯ ಸಣ್ಣ ಬೈಕಿನಲ್ಲಿ ಸುಮಾರು ಒಂದು ಲೀಟರ್ ಆಯಿಲ್ ಇರುತ್ತದೆ, ಸಾಮಾನ್ಯ ಕಾರಿನಲ್ಲಿ 3ರಿಂದ 5 ಲೀಟರ್. ಟ್ರೇ ಅದರ ಒಂದೂವರೆ ಪಟ್ಟು ಹಿಡಿಯುವಂತಿರಲಿ. ಕಂಠಮಟ್ಟ ತುಂಬಿದ ಟ್ರೇಯನ್ನು ಚೆಲ್ಲದೆ ಎತ್ತಿದವರನ್ನು ನಾನಂತೂ ಕಂಡಿಲ್ಲ. ಅದರಡಿ ಅಗಲವಾದ ರಟ್ಟು ಹಾಸಿ. ಟ್ರೇಯನ್ನು ಬೋಲ್ಟಿನ ನೇರ ಕೆಳಗೆ ಇಡುವುದೇ ಎಲ್ಲರೂ ಮಾಡುವ ತಪ್ಪು. ಬೋಲ್ಟ್ ಪಕ್ಕಕ್ಕೆ ಮುಖ ಮಾಡಿದ್ದರೆ ಆಯಿಲ್ ಮೊದಲು ಮುಂದಕ್ಕೆ ಚಿಮ್ಮುತ್ತದೆ, ಒಳಗೆ ಖಾಲಿಯಾದಂತೆ ಧಾರೆ ಹಿಂದಕ್ಕೆ ಸರಿದು ಕೊನೆಗೆ ನೇರ ಕೆಳಗೆ ತೊಟ್ಟಿಕ್ಕುತ್ತದೆ. ಆದ್ದರಿಂದ ಟ್ರೇಯ ಹೆಚ್ಚು ಭಾಗ ಚಿಮ್ಮುವ ದಿಕ್ಕಿನಲ್ಲಿರಲಿ. ಧಾರೆ ಸರಿದಂತೆ ಟ್ರೇಯನ್ನೂ ಸರಿಸಿ. ಗಾಳಿ ಬೀಸುತ್ತಿದ್ದರೆ ಸಣ್ಣ ಧಾರೆ ಅತ್ತಿತ್ತ ಓಲಾಡುತ್ತದೆ. ಟ್ರೇಯಡಿ ಮರದ ತುಂಡು ಕೊಟ್ಟು ಎತ್ತರಿಸಿ.

ಇನ್ನು ಬೋಲ್ಟ್ ಬಿಚ್ಚುವ ರೀತಿ. ಇದನ್ನು ಎಷ್ಟು ಸಲ ಹೇಳಿದರೂ ಕಿವಿಗೆ ಹಾಕಿಕೊಳ್ಳುವುದಿಲ್ಲ, ಆದ್ದರಿಂದ ಬಿಡಿಸಿ ಹೇಳುತ್ತೇನೆ. ಮೊದಲು ಬೋಲ್ಟಿನ ತಲೆಯನ್ನೂ ಸುತ್ತಲಿನ ಜಾಗವನ್ನೂ ಒಣ ಬಟ್ಟೆಯಿಂದ ಒರೆಸಿ. ಜಿಡ್ಡಿದ್ದರೆ ಬೆರಳು ಜಾರುತ್ತದೆ. ರಿಂಗ್ ಸ್ಪ್ಯಾನರ್ ಹಾಕಿ, ಬೋಲ್ಟಿನ ತಲೆಗೆ ಎದುರಾಗಿ ನೋಡಿದಾಗ ಎಡಕ್ಕೆ ತಿರುಗಿಸಿ. ಕೆಳಗೆ ಮಲಗಿದವರಿಗೆ ಎಡಬಲ ಗೊಂದಲವಾಗಿ, ಬಿಚ್ಚುವ ಬದಲು ಬಿಗಿದು ಥ್ರೆಡ್ ಹಾಳು ಮಾಡಿಕೊಳ್ಳುತ್ತಾರೆ. ಸ್ಪ್ಯಾನರಿನ ಕೆಲಸ ಬಿಗಿ ಸಡಿಲವಾಗುವವರೆಗೆ ಮಾತ್ರ, ಅಲ್ಲಿಂದಾಚೆ ಬೆರಳಿನ ಕೆಲಸ. ಗ್ಲೌಸ್ ಹಾಕಿ, ಅದರ ಅಂಚನ್ನು ಮಣಿಕಟ್ಟಿನ ಹತ್ತಿರ ಹೊರಕ್ಕೆ ಮಡಚಿ; ಇಳಿದು ಬರುವ ಆಯಿಲ್ ಆ ಮಡಿಕೆಯಲ್ಲೇ ನಿಲ್ಲುತ್ತದೆ, ತೋಳಿಗೆ ಹರಿಯುವುದಿಲ್ಲ. ಕೈಯನ್ನು ಕೆಳಗಿನಿಂದ ಅಲ್ಲ, ಪಕ್ಕದಿಂದ ಚಾಚಿ. ಈಗ ಬೋಲ್ಟನ್ನು ತಿರುಗಿಸುತ್ತಲೇ ಇಂಜಿನ್ ಕಡೆಗೆ ಒತ್ತುತ್ತಿರಬೇಕು, ಬಿಚ್ಚುತ್ತಿದ್ದರೂ ಒಳಕ್ಕೆ ತಳ್ಳುವ ಒತ್ತಡ ಬಿಡಬಾರದು. ಹಾಗೆ ಒತ್ತಿದರೆ ಕೊನೆಯ ಸುತ್ತಿನವರೆಗೂ ಹೆಚ್ಚು ಸೋರುವುದಿಲ್ಲ. ಥ್ರೆಡ್ ಮುಗಿದಾಗ ಬೋಲ್ಟ್ ಸಣ್ಣಗೆ "ಟಕ್" ಎಂದು ಜಿಗಿದದ್ದು ಬೆರಳಿಗೆ ಗೊತ್ತಾಗುತ್ತದೆ. ಆಗಲೂ ಒತ್ತಿ ಹಿಡಿದಿರಿ. ಟ್ರೇ ಸರಿಯಾಗಿದೆಯೇ ನೋಡಿ, ಆಮೇಲೆ ಧಾರೆ ಬರುವ ದಿಕ್ಕಿಗೆ ಅಡ್ಡವಾಗಿ, ಒಂದೇ ಏಟಿಗೆ ಸರಕ್ಕನೆ ಪಕ್ಕಕ್ಕೆ ಎಳೆಯಿರಿ. ಹೆದರಿ ಹೆದರಿ ಇಷ್ಟಿಷ್ಟೇ ತೆಗೆದರೆ ಅರ್ಧ ಮುಚ್ಚಿದ ತೂತಿನಿಂದ ಆಯಿಲ್ ನಾಲ್ಕೂ ಕಡೆ ಸಿಡಿಯುತ್ತದೆ; ಮುಖಕ್ಕೆ ಹಾರುವುದೂ ಆಗಲೇ. ಟ್ರೇಯ ಮೇಲೊಂದು ಹಳೇ ಜಾಲರಿ ಇಟ್ಟಿದ್ದರೆ ಬೋಲ್ಟ್ ಬಿದ್ದರೂ ಅದರಲ್ಲೇ ಸಿಗುತ್ತದೆ. ಆ ಜಾಲರಿ ಮತ್ತೆ ಅಡುಗೆಮನೆಗೆ ಬರಕೂಡದು.

ಆಯಿಲೆಲ್ಲ ಇಳಿದ ಮೇಲೆ ಬೋಲ್ಟಿಗೆ ಹೊಸ ವಾಷರ್ ಹಾಕಿ. ಹಳೆಯದು ಬಿಗಿದಾಗಲೇ ಚಪ್ಪಟೆಯಾಗಿರುತ್ತದೆ, ಮತ್ತೆ ಹಾಕಿದರೆ ಜಿನುಗಬಹುದು. ಮೊದಲು ಕೈಯಿಂದಲೇ ತಿರುಗಿಸಿ ಕೂರಿಸಿ, ಆಮೇಲೆ ಸ್ಪ್ಯಾನರ್. ಮೈಮೇಲೆ ಬಿದ್ದು ಬಿಗಿಯಬೇಡಿ, ಅಲ್ಯುಮಿನಿಯಂ ಥ್ರೆಡ್ ಕಿತ್ತು ಬಂದರೆ ಖರ್ಚು ದೊಡ್ಡದು.

ಕಾರಿನಲ್ಲಿ ಆಯಿಲ್ ಸೋಸುವ ಡಬ್ಬಿ ಫಿಲ್ಟರನ್ನು ಅರ್ಧ ಸುತ್ತು ಸಡಿಲಿಸಿ, ದಪ್ಪ ಪ್ಲಾಸ್ಟಿಕ್ ಚೀಲವನ್ನು ಅದರ ಮೇಲೆ ತೊಡಿಸಿ, ಚೀಲದ ಹೊರಗಿನಿಂದಲೇ ಹಿಡಿದು ತಿರುಗಿಸಿ, ಸೋರಿದ್ದೆಲ್ಲ ಚೀಲದೊಳಗೆ. ತೆಗೆದ ಮೇಲೆ ಹಳೇ ರಬ್ಬರ್ ರಿಂಗ್ ಇಂಜಿನ್‌ಗೇ ಅಂಟಿಕೊಂಡಿದೆಯೇ ಅಂತ ಬೆರಳಾಡಿಸಿ ನೋಡಿ. ಅದರ ಮೇಲೇ ಹೊಸ ಫಿಲ್ಟರ್ ಕೂರಿಸಿದರೆ ಎರಡು ರಿಂಗ್ ಒಂದರ ಮೇಲೊಂದು ಕೂತು, ಇಂಜಿನ್ ಶುರು ಮಾಡಿದಾಗ ಒತ್ತಡಕ್ಕೆ ಆಯಿಲ್ ಹೊರಗೆ ರಾಚುತ್ತದೆ. ಹೊಸ ರಿಂಗಿಗೆ ಒಂದು ಬೆರಳು ಹೊಸ ಆಯಿಲ್ ಸವರಿ, ತಾಗಿದ ಮೇಲೆ ಕೈಯಲ್ಲೇ ಮುಕ್ಕಾಲು ಸುತ್ತು ಬಿಗಿಯಿರಿ. ಫಿಲ್ಟರಿನ ಮೇಲೆ ಬೇರೆ ಅಳತೆ ಬರೆದಿದ್ದರೆ ಅದೇ ಸರಿ.

ಸುರಿಯುವಾಗಲೂ ಚೆಲ್ಲುವವರಿದ್ದಾರೆ. ಹಿಂದೆ ಆಯಿಲ್ ತಗಡಿನ ಡಬ್ಬಿಯಲ್ಲಿ ಬರುತ್ತಿತ್ತು, ಎದುರುಬದುರಾಗಿ ಎರಡು ತೂತು ಕೊರೆಯುತ್ತಿದ್ದರು: ಒಂದು ಆಯಿಲ್ ಬರಲು, ಇನ್ನೊಂದು ಗಾಳಿ ಹೋಗಲು. ಈಗಿನ ಕ್ಯಾನಿಗೆ ಬಾಯಿ ಒಂದೇ, ಅದೂ ಒಂದು ಅಂಚಿನಲ್ಲಿ. ಆ ಬಾಯಿ ಕೆಳಗೆ ಬರುವಂತೆ ಬಗ್ಗಿಸಿದರೆ ಗಾಳಿಗೆ ದಾರಿಯಿಲ್ಲದೆ ಗಳಗಳ ಎಂದು ಉಕ್ಕುತ್ತದೆ. ಬಾಯಿ ಮೇಲ್ಭಾಗದಲ್ಲಿರುವಂತೆ ಕ್ಯಾನನ್ನು ತಿರುಗಿಸಿ ಹಿಡಿದು ಬಗ್ಗಿಸಿ, ದಾರದಂತೆ ಇಳಿಯುತ್ತದೆ. ಅಡುಗೆ ಎಣ್ಣೆಯ ಕ್ಯಾನಿಗೂ ಇದೇ ರೀತಿ. ಸ್ಟೌ ಮೇಲೆಲ್ಲ ಎಣ್ಣೆ ಮಾಡಿಕೊಂಡು ಕ್ಯಾನನ್ನು ಬೈಯುವವರು ಕೇಳಿಸಿಕೊಳ್ಳಿ. ಲಾಳಿಕೆ ಇಟ್ಟರೆ ಅದರ ಪಕ್ಕ ಸಣ್ಣ ಕಡ್ಡಿ ಸಿಕ್ಕಿಸಿ, ಗಾಳಿ ಹೊರಬರಲಿ.

ಅಳತೆಯಷ್ಟನ್ನೂ ಒಮ್ಮೆಲೇ ಸುರಿಯಬೇಡಿ. ಸ್ವಲ್ಪ ಉಳಿಸಿಕೊಂಡು, ಒಂದು ನಿಮಿಷ ಇಂಜಿನ್ ಓಡಿಸಿ, ಆರಿಸಿ, ಕೆಲವು ನಿಮಿಷ ಬಿಟ್ಟು ಆಯಿಲ್ ಮಟ್ಟ ತೋರಿಸುವ ಕಡ್ಡಿ, ಅಂದರೆ ಡಿಪ್‌ಸ್ಟಿಕ್ ನೋಡಿ, ಸಾಲದಿದ್ದರೆ ಸೇರಿಸಿ.

ನೆಲಕ್ಕೆ ಬಿದ್ದ ಆಯಿಲಿಗೆ ನೀರು ಹಾಕಿದರೆ ಇನ್ನಷ್ಟು ಹರಡುತ್ತದೆ. ಮರದ ಹೊಟ್ಟು ಅಥವಾ ಒಣ ಮರಳು ಸುರಿದು, ಕಾಲಲ್ಲಿ ತಿಕ್ಕಿ, ಅದು ಹೀರಿಕೊಂಡ ಮೇಲೆ ಗುಡಿಸಿ, ಕೊನೆಗೆ ಸೋಪಿನ ಪುಡಿ ಹಾಕಿ ಉಜ್ಜಿ. ಆಯಿಲ್ ಬಟ್ಟೆಯನ್ನು ಮನೆಬಟ್ಟೆ ಜೊತೆ ಒಗೆಯಬೇಡಿ. ಹಳೇ ಆಯಿಲನ್ನು ಅದೇ ಕ್ಯಾನಿಗೆ ತುಂಬಿ, ತೆಗೆದುಕೊಳ್ಳುವ ಗ್ಯಾರೇಜಿಗೆ ಕೊಡಿ. ಚರಂಡಿಗೋ ಮಣ್ಣಿಗೋ ಸುರಿದರೆ ನೀರು ಕೆಡುತ್ತದೆ.

ರಾತ್ರಿ ಗಾಡಿಯಡಿ ಹೊಸ ರಟ್ಟೊಂದನ್ನು ಹಾಸಿಡಿ. ಬೆಳಿಗ್ಗೆ ಬೋಲ್ಟಿನ ಕೆಳಗೆ ಕಲೆ ಕಂಡರೆ ವಾಷರ್ ಸರಿಯಾಗಿ ಕೂತಿಲ್ಲ, ಫಿಲ್ಟರಿನ ಕೆಳಗೆ ಕಂಡರೆ ರಿಂಗ್ ನೋಡಿ. ಸರಿಮಾಡಿದ ಮೇಲೇ ಗಾಡಿ ಹೊರಗೆ ತೆಗೆಯಿರಿ.