ಹೊಸ ಜಿ-ಕ್ಲಾಸ್‌ನ ಮೂತಿ ಕಲ್ಲಿಗೆ ತಗಲದಂತೆ ಓಡಿಸುವುದು: ನನ್ನ ಅನುಭವ

ಮರ್ಸಿಡಿಸ್ ಕಂಪನಿಯ ಆಫ್‌ರೋಡ್ ಗಾಡಿ ಜಿ-ಕ್ಲಾಸ್ ನೋಡುವುದಕ್ಕೆ ಇವತ್ತಿಗೂ 1979ರ ಅದೇ ಡಬ್ಬಿ. ಆದರೆ 2018ರಲ್ಲಿ ಬಂದ ಹೊಸ ತಲೆಮಾರಿನಲ್ಲಿ ಮುಂದಿನ ಚಕ್ರಗಳನ್ನು ಹಿಡಿದಿರುವ ವ್ಯವಸ್ಥೆಯೇ ಬೇರೆ. ಹಳೆಯ ಗಾಡಿಯ ರೂಢಿಯಲ್ಲೇ ಇದನ್ನು ಕಲ್ಲುದಾರಿಗೆ ಇಳಿಸಿದರೆ ಮೊದಲು ಪೆಟ್ಟು ಬೀಳುವುದು ಮೂತಿಯ ಅಡಿಭಾಗಕ್ಕೆ.

ಮೊದಲು ಮುಂದೆ, ಹಿಂದೆ ಎರಡೂ ಕಡೆ ಗಟ್ಟಿ ಆಕ್ಸಲ್, ಅಂದರೆ ಎಡ-ಬಲ ಚಕ್ರಗಳನ್ನು ಜೋಡಿಸುವ ಒಂದೇ ತೊಲೆ ಇತ್ತು. ಈಗ ಅದು ಹಿಂದೆ ಮಾತ್ರ. ಮುಂದೆ ಡಬಲ್ ವಿಶ್‌ಬೋನ್, ಅಂದರೆ ಪ್ರತಿ ಚಕ್ರವನ್ನೂ ಬೇರೆಬೇರೆಯಾಗಿ ಹಿಡಿಯುವ ಮೇಲೊಂದು, ಕೆಳಗೊಂದು ತೋಳು. ಸಬ್‌ಫ್ರೇಮ್ (ನಡುವಿನ ಉಪಚೌಕಟ್ಟು) ಇಲ್ಲದೆ ನೇರವಾಗಿ ಲ್ಯಾಡರ್ ಚಾಸಿಗೇ (ಗಾಡಿಯ ಏಣಿಯಾಕಾರದ ಚೌಕಟ್ಟಿಗೆ) ಬೋಲ್ಟ್ ಮಾಡಿದ್ದಾರೆ. ಹಿಂದಿನ ಡಿಫರೆನ್ಷಿಯಲ್ (ಎಂಜಿನ್ನಿನ ಶಕ್ತಿಯನ್ನು ಎರಡೂ ಚಕ್ರಗಳಿಗೆ ಹಂಚುವ ಗೇರುಗಳ ಗಡ್ಡೆ) ಚಕ್ರಗಳ ಜೊತೆಗೇ ಏರಿಳಿಯುವುದರಿಂದ ಅದರಡಿಯ 241 ಮಿ.ಮೀ. ಅಂತರ ಹೆಚ್ಚುಕಡಿಮೆ ಹಾಗೇ ಉಳಿಯುತ್ತದೆ. ಮುಂದಿನ 270 ಮಿ.ಮೀ. ಹಾಗಲ್ಲ, ಅಲ್ಲಿ ಡಿಫರೆನ್ಷಿಯಲ್ ಚಾಸಿಗೇ ಕೂತಿದೆ. ಬ್ರೇಕ್ ಒತ್ತಿದಾಗ ಬಾಡಿ ಬಗ್ಗುತ್ತದೆ, ಡಿಫರೆನ್ಷಿಯಲ್ಲೂ ಅದರೊಟ್ಟಿಗೆ ಕೆಳಗಿಳಿಯುತ್ತದೆ. ಸ್ಪ್ರಿಂಗ್ ತನ್ನ ಪೂರ್ತಿ 85 ಮಿ.ಮೀ. ಒತ್ತಿಕೊಂಡರೆ ಅಲ್ಲಿ ಉಳಿಯುವುದು ಸುಮಾರು 185. ಅಂದರೆ ಎತ್ತರ ಎಂದುಕೊಂಡ ಮುಂಭಾಗವೇ ಆ ಕ್ಷಣದಲ್ಲಿ ಹಿಂಭಾಗಕ್ಕಿಂತ ತಗ್ಗು.

ಹಾಗಾಗಿ ಕಲ್ಲಿನ ಮೇಲೆ ಬ್ರೇಕ್ ಹಾಕುವುದನ್ನು ಬಿಟ್ಟೆ. ಒಂದು ಗಾಡಿಯುದ್ದ ಮೊದಲೇ ನಿಧಾನ ಮಾಡಿ, ಬ್ರೇಕ್ ಬಿಟ್ಟು, ಮೂತಿ ಮೇಲೆದ್ದ ಮೇಲೆ ಮುಂದೆ ಹೋಗಬೇಕು. ಲೋ ರೇಂಜ್ (ನಿಧಾನಕ್ಕೆ, ಹೆಚ್ಚು ಬಲಕ್ಕೆ ಇರುವ ಗೇರ್ ವ್ಯವಸ್ಥೆ) ಅನುಪಾತ 2.1 ಇದ್ದದ್ದು 2.93 ಆಗಿದೆ, ಮೊದಲ ಗೇರಿನಲ್ಲಿಟ್ಟರೆ ಇಳಿಜಾರಿನಲ್ಲಿ ಎಂಜಿನ್ನೇ ಗಾಡಿಯನ್ನು ಹಿಡಿದುಕೊಳ್ಳುತ್ತದೆ, ಬ್ರೇಕಿನ ಹಂಗು ಕಡಿಮೆ. ದೊಡ್ಡ ಕಲ್ಲು ಬಂದರೆ ಅದನ್ನು ಎರಡು ಚಕ್ರಗಳ ನಡುವೆ ಬಿಡಬಾರದು, ಟೈರನ್ನೇ ಅದರ ಮೇಲೆ ಹತ್ತಿಸಬೇಕು.

ಲಾಕ್‌ಗಳ, ಅಂದರೆ ಡಿಫರೆನ್ಷಿಯಲ್ಲಿನ ಎರಡೂ ಕಡೆ ಒಂದೇ ವೇಗದಲ್ಲಿ ತಿರುಗುವಂತೆ ಬಿಗಿಯುವ ವ್ಯವಸ್ಥೆಯ ವಿಚಾರ. ಚಕ್ರ ಕೆಳಕ್ಕೆ ಇಳಿಯುವ ದೂರ ಹಿಂದೆ 142 ಮಿ.ಮೀ., ಮುಂದೆ 100 ಮಾತ್ರ. ಅಡ್ಡಡ್ಡ ಕೊರಕಲಿನಲ್ಲಿ ಮುಂದಿನ ಚಕ್ರ ಬೇಗ ಗಾಳಿಗೆ ಏಳುತ್ತದೆ. ಅದು ತಿರುಗತೊಡಗಿದ ಮೇಲೆ ಗುಂಡಿ ಒತ್ತಿದರೆ ತಡವಾಯಿತು. ಮಧ್ಯದ್ದು, ಆಮೇಲೆ ಹಿಂದಿನದು, ಕೊನೆಗೆ ಮುಂದಿನದು: ಇದೇ ಕ್ರಮ. ಮೊದಲೆರಡನ್ನು ಕೊರಕಲಿಗೆ ಇಳಿಯುವ ಮುಂಚೆಯೇ ಹಾಕಿಕೊಳ್ಳುತ್ತೇನೆ. ಮುಂದಿನದನ್ನು ಹಾಕಿದರೆ ಗಾಡಿ ತಿರುಗಲು ಒಲ್ಲೆ ಎನ್ನುತ್ತದೆ, ಆದ್ದರಿಂದ ಸ್ಟಿಯರಿಂಗ್ ನೇರ ಇರುವಲ್ಲಿ ಮಾತ್ರ. ಗುಂಡಿ ಒತ್ತಿಯೂ ಲಾಕ್ ಕೂರದಿದ್ದರೆ ಒಳಗೆ ಹಲ್ಲಿಗೆ ಹಲ್ಲು ಸಿಕ್ಕಿಲ್ಲ ಎಂದರ್ಥ. ಆಕ್ಸಿಲರೇಟರ್ ತುಳಿಯದೆ ಒಂದೆರಡು ಅಡಿ ಮೆಲ್ಲಗೆ ಉರುಳಿಸಿ, ಕೂರುತ್ತದೆ. ಬಿಡಿಸುವಾಗ ಹಿಡಿದುಕೊಂಡರೆ ಸ್ವಲ್ಪ ಹಿಂದಕ್ಕೆ ಉರುಳಿಸಿ. ಗಟ್ಟಿ ನೆಲ ಸಿಕ್ಕ ಕೂಡಲೇ ಮೂರನ್ನೂ ತೆಗೆಯಲೇಬೇಕು.

ಸ್ಟಿಯರಿಂಗ್ ಈಗ ಎಲೆಕ್ಟ್ರಿಕ್ ಸಹಾಯದ ರ್‍ಯಾಕ್. ಹಳೆಯದರಷ್ಟು ಕೈಗೆ ಒದೆಯುವುದಿಲ್ಲ, ಒಳ್ಳೆಯದೇ. ಆದರೆ ಆಳದ ಗಾಲಿಜಾಡಿನಲ್ಲಿ ಚಕ್ರ ಎತ್ತ ತಿರುಗಿದೆ ಎಂದು ಕೈಗೆ ಗೊತ್ತಾಗದು. ಆಫ್‌ರೋಡ್ ಪರದೆಯಲ್ಲಿ ಸ್ಟಿಯರಿಂಗ್ ಕೋನ ಕಾಣುತ್ತದೆ, ಅದನ್ನು ತೆರೆದಿಟ್ಟುಕೊಳ್ಳಿ.

ಟೈರಿನಲ್ಲಿ ಚಂದ ನೋಡಬೇಡಿ. 275/55 ಆರ್19ರ ಪಕ್ಕಗೋಡೆ ಸುಮಾರು 151 ಮಿ.ಮೀ., 295/40 ಆರ್22ರದು 118. ಮರಳಿನಲ್ಲಿ 19 ಇಂಚಿನದನ್ನು 18 ಪಿಎಸ್‌ಐಗೆ ಇಳಿಸುತ್ತೇನೆ, ವೇಗವನ್ನೂ ಇಳಿಸುತ್ತೇನೆ. 22 ಇಂಚಿನದಕ್ಕೆ ಕಲ್ಲಿನ ಮೇಲೆ ಅದೇ ಒತ್ತಡ ಕೊಟ್ಟರೆ ರಿಮ್ ಅಂಚು ಮಡಚುತ್ತದೆ.

ನೀರಿಗೆ ಮಿತಿ 70 ಸೆ.ಮೀ. 19 ಇಂಚಿನ ಟೈರಿನ ಮೇಲ್ತುದಿಗಿಂತ ಮೂರು–ನಾಲ್ಕು ಬೆರಳು ಕೆಳಗೆ. ಕೋಲಿಗೆ ಗುರುತು ಹಾಕಿ ಅಳೆದೇ ಇಳಿಯಿರಿ. ನಡೆಯುವ ವೇಗ ಸಾಕು.

ವಾಪಸು ಬಂದ ಮೇಲೆ ಮುಂದಿನ ಹಾಫ್‌ಶಾಫ್ಟ್‌ಗಳ (ಡಿಫರೆನ್ಷಿಯಲ್ಲಿನಿಂದ ಚಕ್ರಕ್ಕೆ ಹೋಗುವ ದಂಡಗಳ) ಜಾಯಿಂಟ್ ಮುಚ್ಚುವ ನಾಲ್ಕೂ ರಬ್ಬರ್ ಬೂಟ್‌ಗಳನ್ನು ಟಾರ್ಚ್ ಹಿಡಿದು ನೋಡಬೇಕು. ಕೆಸರು ತೊಳೆದು, ಮಡಿಕೆಗಳನ್ನು ಬೆರಳಿನಿಂದ ಬಿಡಿಸಿ. ಅಲ್ಲಿ ಸಿಕ್ಕಿಕೊಂಡ ಕಡ್ಡಿಚೂರು ಚಕ್ರ ತಿರುಗಿದಂತೆಲ್ಲ ರಬ್ಬರನ್ನು ಕುಯ್ಯುತ್ತದೆ. ರಿಮ್ಮಿನ ಒಳಮೈಯಲ್ಲಿ ಕಪ್ಪು ಗ್ರೀಸ್ ವೃತ್ತಾಕಾರವಾಗಿ ಸಿಡಿದಿದ್ದರೆ ಬೂಟ್ ಆಗಲೇ ಹರಿದಿದೆ. ಜಾಯಿಂಟ್‌ಗೆ ಮಣ್ಣು ಸೇರುವ ಮುಂಚೆ ಬದಲಿಸಿದರೆ ಬೂಟ್, ಗ್ರೀಸ್, ಎರಡು ಕ್ಲಿಪ್‌ಗಳಲ್ಲಿ ಕೆಲಸ ಮುಗಿಯುತ್ತದೆ; ತಿರುವಿನಲ್ಲಿ ಟಕಟಕ ಸದ್ದು ಶುರುವಾದ ಮೇಲೆ ಜಾಯಿಂಟನ್ನೇ ಬದಲಿಸಬೇಕು.